ಬೆಳಕು ಗೆರೆಗೆ ಬರುವ ಹೊತ್ತು

ನಮ್ಮೂರಿನಲ್ಲಿ ಯಾರು ಯಾವ ಗಡಿಯಾರ ನೋಡಿ ಬದುಕುತ್ತಾರೋ ಅವರದು ಆ ಹೊತ್ತು. ಒಂದು ಕೋಣೆಯ ಗಡಿಯಾರಕ್ಕೂ ಇನ್ನೊಂದು ಕೋಣೆಯದಕ್ಕೂ ಎರಡು ನಿಮಿಷ ವ್ಯತ್ಯಾಸ ಬಿತ್ತೆಂದರೆ ಅಲ್ಲಿಯವರ ಮಾತು ಇಲ್ಲಿಯವರಿಗೆ ತಡವಾಗಿ ಕೇಳಿಸುತ್ತದೆ. ಐದಾದರೆ ಮುಖ ತೆಳ್ಳಗಾಗಿ ಹಿಂದಿನ ಗೋಡೆ ಕಾಣುತ್ತದೆ. ಎಂಟು ದಾಟಿತೋ, ಬಾಗಿಲು ತೆರೆದರೆ ಖಾಲಿ ಕುರ್ಚಿ. ಕುರ್ಚಿ ಬೆಚ್ಚಗಿರುತ್ತದೆ, ಮೇಜಿನ ಮೇಲಿನ ಟೀ ಇನ್ನೂ ಹೊಗೆಯಾಡುತ್ತಿರುತ್ತದೆ, ಮನುಷ್ಯರು ಮಾತ್ರ ಇರುವುದಿಲ್ಲ. ಬೆಂಕಿ ಸುಡುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವ ಹಾಗೆ ಇದನ್ನೂ ಹೇಳಿಕೊಡುತ್ತೇವೆ. ಜೊತೆಗೆ ಇನ್ನೊಂದು ಬುದ್ಧಿಮಾತು: ಹಾಗೇನಾದರೂ ತಪ್ಪಿ ಹೋದರೆ ಕೋಣೆ ಬಿಟ್ಟು ಕದಲಬೇಡ, ನಿನ್ನ ಗಡಿಯಾರದ ಮುಂದೆಯೇ ಕೂತಿರು, ಯಾರಾದರೂ ಬಂದು ಹೊಂದಿಸುತ್ತಾರೆ. ಕಾಗೆ, ನಾಯಿ, ಮೇಕೆಗಳಿಗೆ ಈ ಕಾಟವಿಲ್ಲ. ಅವು ಎಲ್ಲ ಕಡೆಯೂ ಇರುತ್ತವೆ.

ಆ ಹೊಂದಿಸುವವಳು ನಾನು. ಹೆಸರು ಪುಟ್ಟತಾಯಮ್ಮ. ವೇಳೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ವೇಳೆ ಹೊತ್ತಿದ್ದೇನೆ. ಹೊತ್ತಿದ್ದೇನೆ ಎಂದರೆ ನಿಜವಾಗಿಯೂ ಹೊತ್ತಿದ್ದೇನೆ: ಎದೆಗವಚಿಕೊಂಡ ಮರದ ಪೆಟ್ಟಿಗೆ, ಒಳಗೆ ಹತ್ತಿ, ಹತ್ತಿಯ ಮೇಲೆ ಅಂಗೈ ಅಗಲದ ಗಡಿಯಾರ. ಅದು ದಿನಕ್ಕೆ ಹತ್ತು ಸೆಕೆಂಡು ಮುಂದೋಡುತ್ತದೆ. ಸೊಸೆಯ ಕುಂದು ಅತ್ತೆಗೆ ಗೊತ್ತಿರುವ ಹಾಗೆ ಅದರ ಕುಂದು ನನಗೆ ಗೊತ್ತು. ದಿನವೂ ಮಧ್ಯಾಹ್ನ ಊರಾಚೆ ಕೆರೆಯಂಚಿನ ನೀರುಮನೆಗೆ ಹೋಗುತ್ತಿದ್ದೆ. ಅಲ್ಲಿ ಸೂರಿನಲ್ಲಿ ಒಂದು ತೂತು, ನೆಲದ ಕಲ್ಲಿನಲ್ಲಿ ಕೊರೆದ ಒಂದು ಗೆರೆ. ತೂತಿನಿಂದ ಬಿದ್ದ ಬೆಳಕಿನ ಬಿಲ್ಲೆ ತೆವಳುತ್ತಾ ಬಂದು ಗೆರೆಯ ಮೇಲೆ ಕೂತಾಗ ಹನ್ನೆರಡು ಗಂಟೆ. ಪೆಟ್ಟಿಗೆಯ ಗಡಿಯಾರವನ್ನು ಹತ್ತು ಸೆಕೆಂಡು ಹಿಂದಕ್ಕೆಳೆದು, ಊರಿನ ಕಚೇರಿಗಳನ್ನೆಲ್ಲ ಸುತ್ತಿ ಗೋಡೆ ಗಡಿಯಾರಗಳನ್ನು ಅದಕ್ಕೆ ಹೊಂದಿಸುತ್ತಿದ್ದೆ. ಕಚೇರಿಯವರ ಕೈಗಡಿಯಾರ ನೋಡಿ ಅವರವರ ಮನೆಯವರು ಹೊಂದಿಸಿಕೊಳ್ಳುತ್ತಿದ್ದರು. ಊರು ಒಂದಾಗಿತ್ತು.

ನೀರುಮನೆಯ ಕೆಲಸ ನನ್ನ ತಂಗಿ ಜಲಜಾಕ್ಷಿಯದು. ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವಳು. ನನಗೆ ಗಂಡ ಇದ್ದು ಹೋದ, ಅವಳಿಗೆ ಗಂಡ ಬೇಕೆನ್ನಿಸಲೇ ಇಲ್ಲ. ಇಬ್ಬರದೂ ಒಂದೇ ಮನೆ, ಒಂದೇ ಒಲೆ. ಕಟ್ಟಡದಿಂದ ನಲವತ್ತು ಹೆಜ್ಜೆ ದೂರದಲ್ಲಿ ಒಂದು ಗುಂಡಿ, ಅದರೊಳಗೆ ದೊಡ್ಡ ಚಕ್ರ. ದಿನವೂ ಹನ್ನೊಂದೂವರೆಗೆ ಅವಳು ಗುಂಡಿಗಿಳಿದು ಚಕ್ರ ತಿರುಗಿಸಿದರೆ ಊರಿನ ನಲ್ಲಿಗಳಲ್ಲಿ ನೀರು. ಹನ್ನೆರಡಕ್ಕೆ ಗೆರೆ ನೋಡಿ ಸೈರನ್ ಕೂಗಿಸುತ್ತಿದ್ದಳು. ಇಷ್ಟೇ ಕೆಲಸ, ಆದರೆ ಅವಳ ಜಂಬ ನೋಡಬೇಕಿತ್ತು. "ಅಕ್ಕಾ, ನೀನು ಹೊರೋದು ಹೊತ್ತು. ಹೆರೋದು ನಾನು," ಅನ್ನುತ್ತಿದ್ದಳು.

ಹೀಗಿರುವಾಗ ವೇಳೆ ಕಚೇರಿಗೆ ಶ್ರೀಕಂಠಯ್ಯನವರು ಸಾಹೇಬರಾಗಿ ಬಂದರು. ಕೆಟ್ಟವರಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಆ ಪೈಕಿ. ಬಂದ ತಿಂಗಳಿಗೇ ಎಲ್ಲ ಕಚೇರಿಗೂ ಕಂಪ್ಯೂಟರ್ ತರಿಸಿದರು, ನೂರಾ ಹದಿನಾಲ್ಕು. ಅವಕ್ಕೆಲ್ಲ ತಂತಿಯಲ್ಲಿ ಹೊತ್ತು ಹಂಚಲು ನಮ್ಮ ಕಚೇರಿಯಲ್ಲಿ ಒಂದು ಸರ್ವರ್ ಕೂರಿಸಿದರು. ಫ್ಯಾನಿನ ಹಾಗೆ ಸದಾ ಗುಂಯ್ ಅನ್ನುವ ಕಪ್ಪು ಡಬ್ಬ. ಅದನ್ನು ನೋಡಿಕೊಳ್ಳಲು ಮುಬೀನಾ ಎಂಬ ಚುರುಕು ಹುಡುಗಿ. ನನ್ನನ್ನು ಕರೆದು ಸಾಹೇಬರು ಹೇಳಿದರು: "ಪುಟ್ಟತಾಯಮ್ಮನೋರೆ, ಈ ಬಿಸಿಲಲ್ಲಿ ಕೆರೆವರೆಗೂ ಯಾಕೆ ಹೋಗ್ತೀರಿ? ದಿನಾ ಬೆಳಿಗ್ಗೆ ಹತ್ತಕ್ಕೆ ಈ ಸರ್ವರ್ ನೋಡಿ ನಿಮ್ಮ ಪೆಟ್ಟಿಗೆ ಹೊಂದಿಸ್ಕೊಳ್ಳಿ. ಮಾರನೇ ಬೆಳಿಗ್ಗೆ ಒಂಬತ್ತರೊಳಗೆ ಅದನ್ನ ನೋಡಿ ಗೋಡೆ ಗಡಿಯಾರಗಳನ್ನ ಹೊಂದಿಸಿದ್ರೆ ಸಾಕು." ಮಂಡಿನೋವಿನವಳಿಗೆ ಇದಕ್ಕಿಂತ ಬೇಕೇ? ನಾನು ಕೆರೆಯ ದಾರಿ ಬಿಟ್ಟೆ. ಜಲಜಿಗೆ ಸಿಟ್ಟು ಬಂತು, ಎರಡು ದಿನ ಮಾತು ಬಿಟ್ಟಳು. ನಾನು ನಕ್ಕು ಸುಮ್ಮನಾದೆ.

ಒಂದೂವರೆ ತಿಂಗಳು ಕಳೆಯುವ ಹೊತ್ತಿಗೆ ಜನ ಆಡಿಕೊಳ್ಳತೊಡಗಿದರು, ನೀರು ತಡವಾಗಿ ಬರುತ್ತಿದೆ, ಸೈರನ್ ತಡವಾಗಿ ಕೂಗುತ್ತಿದೆ ಎಂದು. ಮನೆಯಲ್ಲಿ ಜಲಜಿಯನ್ನು ಕೇಳಿದರೆ ಅವಳ ಉತ್ತರ ನಾನು ಮುಂದಿನ ಪ್ರಶ್ನೆ ಕೇಳುವಾಗ ಬರುತ್ತಿತ್ತು. "ನಿನ್ನ ವಾಚು ಹಿಂದಿದೆ ಕಣೇ, ಹೊಂದಿಸ್ಕೋ," ಅಂದೆ. "ನಂದು ಗೆರೆ ಹೊತ್ತು. ನಿಂದೇ ಹೊಂದಿಸ್ಕೋ," ಅಂದಳು, ತಡವಾಗಿ. ಮೊಂಡು ನಮ್ಮ ವಂಶದ ಆಸ್ತಿ. ಅವಳ ಮುಖ ತೆಳ್ಳಗಾದದ್ದನ್ನು ಕಂಡು ನನಗೆ ಹೆದರಿಕೆಯಾಯಿತು, ಅವಳಿಗೂ ಆಗಿರಬೇಕು. ಮಾರನೆಯ ದಿನ ಅವಳು ಕೆಲಸಕ್ಕೆ ಹೋದವಳು ಮನೆಗೆ ಬರಲಿಲ್ಲ. ಓಡಿಹೋಗಿ ನೋಡಿದರೆ ನೀರುಮನೆಯ ಬಾಗಿಲು ತೆರೆದಿತ್ತು, ಸ್ಟೂಲು ಬೆಚ್ಚಗಿತ್ತು, ನೀರಿನ ಮಟ್ಟ ಬರೆಯುವ ಸ್ಲೇಟಿನ ಮೇಲೆ ಅವಳ ದುಂಡನೆಯ ಅಕ್ಷರ: "ಅಕ್ಕ, ನೀವೆಲ್ಲ ಎಲ್ಲಿಗೆ ಹೋದಿರಿ? ನಾನು ಕೋಣೆ ಬಿಡುವುದಿಲ್ಲ. ಊಟ ಕಳಿಸು."

ಅದೇ ವಾರ ಟಪಾಲು ವಿಂಗಡಿಸುವ ಕೋಣೆಯೂ ಖಾಲಿಯಾಯಿತು. ಅಲ್ಲಿಯ ಮುಖ್ಯಸ್ಥ ಹಳೇ ಕಾಲದವನು. ತಂತಿ ನಂಬದೆ ಸೈರನ್ ಕೇಳಿ ಗಡಿಯಾರ ಹೊಂದಿಸುತ್ತಿದ್ದ. ಸೈರನ್ ಜೊತೆ ಅವರೂ ಹಿಂದುಳಿದರು ಎಂದು ಎಲ್ಲರಿಗೂ ಅನ್ನಿಸಿತು. ಒಂಬತ್ತು ನಿಮಿಷ. ಹೀಗೆ ಹಿಂದುಳಿದ ಗಡಿಯಾರವನ್ನು ಒಂದೇ ಸಲಕ್ಕೆ ತಳ್ಳಬಾರದು, ದಿನಕ್ಕೊಂದು ನಿಮಿಷ ಪುಸಲಾಯಿಸಿ ತರಬೇಕು ಎಂಬುದು ನಮ್ಮ ಕಸುಬಿನ ನಿಯಮ. ಹಾಗೆ ತಂದರೆ ಕೋಣೆಯವರೆಲ್ಲ ಗಡಿಯಾರದ ಜೊತೆ ಮೆಲ್ಲಗೆ ಬರುತ್ತಾರೆ. ತಳ್ಳಿದರೆ ಆ ಕ್ಷಣ ಗಡಿಯಾರದ ಮುಂದೆ ಇದ್ದವರು ಮಾತ್ರ ಬರುತ್ತಾರೆ. ಆದರೆ ಕಾಗದಗಳು ರಾಶಿ ಬಿದ್ದಿದ್ದವು, ಸಾಹೇಬರು ಅವಸರ ಮಾಡಿದರು. "ಒಂಬತ್ತು ನಿಮಿಷ ತಾನೇ ಅಮ್ಮಾ, ತಳ್ಳಿಬಿಡಿ." ನಾನು ಕೀಲಿ ಹಾಕಿ ಗಾಜು ತೆರೆದು ಮುಳ್ಳು ತಳ್ಳಿದೆ. ಐದು ಜನ ಇರಬೇಕಾದ ಕೋಣೆಯಲ್ಲಿ ನಾಲ್ವರು ಕಣ್ಣುಜ್ಜುತ್ತಾ ಕಾಣಿಸಿಕೊಂಡರು. ಐದನೆಯವರು ಕೆಂಪಯ್ಯ. "ಈಗ ತಾನೇ ಹಿತ್ತಲಿಗೆ ನೀರು ಕುಡಿಯೋಕೆ ಹೋದ್ರಲ್ಲ," ಅಂದರು ಉಳಿದವರು. ಹಿತ್ತಲಲ್ಲಿ ಮಡಕೆಯ ಪಕ್ಕ ಲೋಟವಿತ್ತು, ಲೋಟದ ಅಂಚು ಒದ್ದೆಯಾಗಿತ್ತು. ಹಾಜರಿ ಪುಸ್ತಕದ ಪಕ್ಕದ ಕೊಕ್ಕೆಗೆ ಅವರ ಕೊಡೆ ನೇತುಬಿದ್ದಿತ್ತು.

ನನ್ನ ಕೈಯಿಂದ ಆದ ಕೆಲಸ ಅದು. ಸಾಹೇಬರ ಮೇಲೆ ಹಾಕಿ ಜಾರಿಕೊಳ್ಳುವವಳು ನಾನಲ್ಲ. ಕೆಂಪಯ್ಯನವರ ಹೆಂಡತಿ ಚಿಕ್ಕಮ್ಮಣ್ಣಿ ಜಗಳವಾಡಿದ್ದರೆ ಮೇಲಾಗುತ್ತಿತ್ತು. ಆಕೆ ಗಂಡನ ಕೊಡೆ ಹಿಡಿದುಕೊಂಡು ದಿನವೂ ಕಚೇರಿಗೆ ಬಂದು, "ನೀರು ಕುಡಿಯೋಕೆ ಹೋದೋರು ಬಂದ್ರಾ ಅಮ್ಮಾ?" ಎಂದು ಕೇಳಿ, ನಾನು ತಲೆ ಅಲ್ಲಾಡಿಸಿದರೆ ಸುಮ್ಮನೆ ಬೆಂಚಿನ ಮೇಲೆ ಕೂರುತ್ತಿದ್ದಳು. ಆಮೇಲಾಮೇಲೆ ನಾನು ಜಲಜಿಗೆ ಬುತ್ತಿ ಒಯ್ಯುವಾಗ ಜೊತೆಗೆ ಬರತೊಡಗಿದಳು. ಕಳೆದುಕೊಂಡವರ ಜೊತೆ ಕಳೆದುಕೊಂಡವರೇ ನಡೆಯಬಲ್ಲರು.

ಕೆಂಪಯ್ಯನವರ ಪ್ರಕರಣವಾದ ಮೇಲೆ ಸಾಹೇಬರು ಹೆದರಿ ನೀರುಮನೆಯನ್ನು ಮುಟ್ಟಲಿಲ್ಲ, ನನಗೂ ಮುಟ್ಟಲು ಬಿಡಲಿಲ್ಲ. ನೀರು ಬರುತ್ತಿತ್ತಲ್ಲ, ತಡವಾಗಿಯಾದರೂ. ನಾನು ಊಟದ ಕ್ಯಾರಿಯರ್ ಸ್ಟೂಲಿನ ಮೇಲಿಟ್ಟು, ಕೆರೆಯ ಕಡೆ ಮುಖ ಮಾಡಿ ನಿಂತು, ತಿರುಗಿ ನೋಡಿದರೆ ಅದು ತೊಳೆದು ಬೋರಲು ಹಾಕಿರುತ್ತಿತ್ತು. ಸ್ಲೇಟಿನ ಬರಹ ಮಾತ್ರ ದಿನದಿನಕ್ಕೆ ಮಸುಕಾಗುತ್ತಾ ಬಂತು. ಮೊದಲು ನಾಲ್ಕು ಸಾಲು, ಆಮೇಲೆ ಎರಡು, ಆಮೇಲೆ ನಾಲ್ಕೈದು ಪದ, ಉಳಿದದ್ದೆಲ್ಲ ಬಳಪದ ಬಿಳಿ ಮಂಜು. ಒಂದು ದಿನ ಆ ಮಂಜಿನ ನಡುವೆ "ಇಬ್ಬರಿಗಾಗುವಷ್ಟು" ಎಂಬ ಒಂದೇ ಪದ ಉಳಿದಿತ್ತು. ಒಂಟಿತನಕ್ಕೆ ಹಸಿವು ಜಾಸ್ತಿ ಎಂದುಕೊಂಡು ಎರಡು ಮುದ್ದೆ ಹೆಚ್ಚು ಕಟ್ಟಿದೆ. ಅಷ್ಟೂ ಖಾಲಿಯಾಗುತ್ತಿತ್ತು. ಬುತ್ತಿ ಹೊತ್ತು ನಿಂತ ಚಿಕ್ಕಮ್ಮಣ್ಣಿಗೂ ನನಗೂ ಅದರ ಅರ್ಥ ಹೊಳೆಯಲಿಲ್ಲ, ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ.

ಊರಿನಲ್ಲಿ ಬೇರೆ ವಿಚಿತ್ರಗಳೂ ನಡೆಯುತ್ತಿದ್ದವು. ಮಧ್ಯಾಹ್ನದ ಊಟಕ್ಕೆ ಕೂತರೆ ಹಸಿವೇ ಇರುತ್ತಿರಲಿಲ್ಲ. ಬೆಳಿಗ್ಗೆ ಅಂಗಡಿ ತೆರೆಯುವಾಗ ಇನ್ನೂ ಮಬ್ಬು. "ಸೂರ್ಯನಿಗೂ ಸೋಮಾರಿತನ ಅಂಟಿಕೊಂಡಿದೆ," ಎಂದು ಜನ ನಗುತ್ತಿದ್ದರು. ನೂರಾ ಹದಿನಾಲ್ಕು ಕಂಪ್ಯೂಟರ್‌ಗಳು ಒಂದೇ ಹೊತ್ತು ತೋರಿಸುತ್ತಿರುವಾಗ ಯಾರು ತಾನೇ ತಲೆ ಎತ್ತಿ ಆಕಾಶ ನೋಡುತ್ತಾರೆ?

ಆಮೇಲೆ ಆದೇಶ ಬಂತು. ನೀರುಮನೆಗೂ ತಂತಿ ಎಳೆದಾಗಿದೆ, ಶುಕ್ರವಾರ ಸರಿಯಾಗಿ ಹನ್ನೆರಡಕ್ಕೆ ಅಲ್ಲಿಯ ಗಡಿಯಾರವನ್ನು ಇಪ್ಪತ್ತಾರು ನಿಮಿಷ ಮುಂದೆ ತಳ್ಳಿ ಎಲ್ಲದರ ಜೊತೆ ಜೋಡಿಸತಕ್ಕದ್ದು. ಸಾಹೇಬರು ನನಗೆ ಖುಷಿಯಾದೀತು ಎಂದುಕೊಂಡಿದ್ದರು. "ನಿಮ್ಮ ತಂಗಿ ಸಿಗ್ತಾರಲ್ಲಮ್ಮಾ!" ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ನಮ್ಮ ಹನ್ನೆರಡು ಎಂದರೆ ಅವಳ ಹನ್ನೊಂದು ಮೂವತ್ತನಾಲ್ಕು. ಆ ಹೊತ್ತಿಗೆ ಅವಳು ನಲವತ್ತು ಹೆಜ್ಜೆ ಆಚೆ ಗುಂಡಿಯೊಳಗೆ ಚಕ್ರ ತಿರುಗಿಸುತ್ತಿರುತ್ತಾಳೆ. ಗಡಿಯಾರ ಬರುತ್ತದೆ, ಅವಳು ಬರುವುದಿಲ್ಲ.

"ಒಂದು ಗಂಟೆಗೆ ಇಟ್ಟುಕೊಳ್ಳಿ ಸ್ವಾಮಿ, ಕಾಲಿಗೆ ಬೀಳ್ತೀನಿ," ಅಂದೆ. "ಎಲ್ಲ ಕಚೇರಿಗೂ ಹನ್ನೆರಡು ಅಂತ ಹೋಗಿದೆಯಲ್ಲಾ," ಎಂದು ಅವರು ತಲೆ ಕೆರೆದುಕೊಂಡರು. ಬುಧವಾರ ನಾನು ಸ್ಲೇಟಿನ ತುಂಬ ಬರೆದಿಟ್ಟು ಬಂದೆ: ಶುಕ್ರವಾರ ಗುಂಡಿಗೆ ಹೋಗಬೇಡ, ಗಡಿಯಾರದ ಮುಂದೆಯೇ ಕೂತಿರು. ಗುರುವಾರ ಮಧ್ಯಾಹ್ನ ಹೋಗಿ ನೋಡಿದರೆ ನನ್ನ ಬರಹವೂ ಬಿಳಿ ಮಂಜಾಗಿತ್ತು. ಅವಳಿಗೆ ಎಷ್ಟು ಕಂಡಿತೋ ಏನೋ. ಅದರ ಕೆಳಗೆ ಅವಳ ಅಕ್ಷರದಲ್ಲಿ ಎರಡು ಪದ ಮಾತ್ರ ಉಳಿದಿತ್ತು: "ಗೆರೆ ನೋಡು."

ಮೂರೂವರೆ ತಿಂಗಳಿಂದ ಆ ಕೋಣೆಗೆ ಬರುತ್ತಾ ಹೋಗುತ್ತಾ ಇದ್ದೆ, ನೆಲ ನೋಡಿರಲಿಲ್ಲ. ನೋಡಿದೆ. ನನ್ನ ಪೆಟ್ಟಿಗೆಯಲ್ಲಿ ಹನ್ನೆರಡು. ಬೆಳಕಿನ ಬಿಲ್ಲೆ ಗೆರೆಗೆ ಇನ್ನೂ ಒಂದೂವರೆ ಗೇಣು ದೂರದಲ್ಲಿತ್ತು. ಕಲ್ಲಿನ ಗೆರೆ ಸರಿಯಲಾರದು. ಸೂರ್ಯನಿಗೆ ಸಂಬಳ ಕೊಡುವವರಿಲ್ಲ, ಅವನು ಯಾರ ಮಾತಿಗೂ ಅವಸರ ಮಾಡಲಾರ.

ಕಚೇರಿಗೆ ಬಂದು ಮುಬೀನಾಳ ಮುಂದೆ ಕೂತೆ. "ಮಗಳೇ, ಈ ಸರ್ವರ್‌ಗೆ ಹೊತ್ತು ಎಲ್ಲಿಂದ ಬರುತ್ತೆ?"

"ಹಾಲ್‌ನ ಗೋಡೆ ಗಡಿಯಾರದಿಂದ ಅಮ್ಮಾ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ನಾನೇ ನೋಡಿ ಸರಿ ಮಾಡ್ತೀನಿ. ಸಾಹೇಬರು ಹೇಳಿದಾರೆ."

"ಆ ಗೋಡೆ ಗಡಿಯಾರಕ್ಕೆ?"

"ಅಯ್ಯೋ, ಅದನ್ನ ಒಂಬತ್ತರೊಳಗೆ ಹೊಂದಿಸೋದು ನೀವೇ ಅಲ್ವಾ? ನಿಮ್ಮ ಪೆಟ್ಟಿಗೆ ನೋಡಿ."

"ನಾನು ಪೆಟ್ಟಿಗೆ ಹೊಂದಿಸೋದು ಹಿಂದಿನ ದಿನ ಬೆಳಿಗ್ಗೆ ಹತ್ತಕ್ಕೆ ಕಣಮ್ಮಾ. ನಿನ್ನ ಈ ಸರ್ವರ್ ನೋಡಿ."

ಕಪ್ಪು ಡಬ್ಬ ಗುಂಯ್ ಅನ್ನುತ್ತಿತ್ತು. ನನ್ನ ಗಡಿಯಾರ ದಿನಕ್ಕೆ ಹತ್ತು ಸೆಕೆಂಡು ಓಡುತ್ತದೆ ಎಂದು ಹೇಳಿದೆ. ಅವಳು ಕಾಗದದ ಮೇಲೆ ಸರ್ವರ್ ಬಂದ ದಿನದಿಂದ ಎಣಿಸಿದಳು: ನೂರಾ ಐವತ್ತಾರು ದಿನ. ಹತ್ತರಿಂದ ಗುಣಿಸಿ ಅರವತ್ತರಿಂದ ಭಾಗಿಸಿದಳು. ಇಪ್ಪತ್ತಾರು. "ಹಂಗಾದ್ರೆ ಅಮ್ಮಾ, ಕಾಣೆಯಾಗಿರೋದು ಜಲಜಕ್ಕ ಅಲ್ಲ," ಅಂದಳು. ಆಮೇಲೆ ಕಿಟಕಿಯಾಚೆ ಗಿಜಿಗುಡುತ್ತಿದ್ದ ರಸ್ತೆ ನೋಡಿದಳು. "ನಾವು."

ಸಾಹೇಬರು ಲೆಕ್ಕದ ಕಾಗದವನ್ನು ಎರಡು ಸಲ ಓದಿದರು. ಅವರ ಮುಖ ಬಿಳುಪೇರಿತು, ಆಮೇಲೆ ಮತ್ತೆ ಗಟ್ಟಿಯಾಯಿತು. "ಇಡೀ ಊರು ತಪ್ಪು, ನಿಮ್ಮ ತಂಗಿ ಒಬ್ಬಳೇ ಸರಿ ಅಂತೀರಾ? ನೂರಾ ಹದಿನಾಲ್ಕು ಕಂಪ್ಯೂಟರ್ ಒಂದೇ ಹೊತ್ತು ಹೇಳ್ತಿವೆಯಲ್ಲಮ್ಮಾ."

"ನೂರಾ ಹದಿನಾಲ್ಕು ಕುರುಡರು ಒಬ್ಬರ ಹೆಗಲು ಒಬ್ಬರು ಹಿಡ್ಕೊಂಡು ಸುತ್ತು ಹಾಕಿದ್ರೆ ದಾರಿ ಕಂಡ ಹಾಗಾಯ್ತಾ ಸ್ವಾಮಿ?"

"ಸರಿ, ನೀವು ಹೇಳಿದ್ದೇ ನಿಜ ಅಂತ ಇಟ್ಕೊಳ್ಳೋಣ. ಎಲ್ಲರೂ ಒಟ್ಟಿಗೆ ತಪ್ಪಿದ್ರೆ ಯಾರಿಗೆ ಏನು ನಷ್ಟ? ಒಬ್ಬರಿಗೊಬ್ಬರು ಸಿಗ್ತಾ ಇದೀವಲ್ಲಾ." ಆದರೆ ನನ್ನ ತಂಗಿ ನನಗೆ ಸಿಗುತ್ತಿರಲಿಲ್ಲ.

ಶುಕ್ರವಾರ ನೀರುಮನೆಯಲ್ಲಿ ಸಾಹೇಬರು, ಮುಬೀನಾ, ಕೊಡೆ ಹಿಡಿದ ಚಿಕ್ಕಮ್ಮಣ್ಣಿ, ನಾನು. ಗೋಡೆಯ ಮೇಲೆ ಜಲಜಿಯ ಗಡಿಯಾರ ಹನ್ನೊಂದು ಮೂವತ್ತನಾಲ್ಕು ತೋರಿಸುತ್ತಿತ್ತು. ಆಚೆ ಗುಂಡಿಯ ಕಡೆಯಿಂದ ಚಕ್ರ ಕಿರ್ರೋ ಅನ್ನುವ ಸದ್ದು ಬಂತು. ಅಲ್ಲಿ ಯಾರೂ ಕಾಣುತ್ತಿರಲಿಲ್ಲ, ಚಕ್ರ ತಾನೇ ತಿರುಗುತ್ತಿತ್ತು. ಸಾಹೇಬರು ಕೈಗಡಿಯಾರ ನೋಡಿ, "ಹನ್ನೆರಡು. ತಳ್ಳಿ ಅಮ್ಮಾ," ಅಂದರು.

ಗಡಿಯಾರದ ಗಾಜಿನ ಬಾಗಿಲಿಗೆ ಇರುವುದು ಒಂದೇ ಕೀಲಿ, ಅದು ನನ್ನ ಸೊಂಟದಲ್ಲಿ. ನಾನು ಕೀಲಿ ತೆಗೆಯಲಿಲ್ಲ. ಗೆರೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ಮುಚ್ಚಳ ತೆಗೆದೆ. ಮೂವತ್ತೊಂದು ವರ್ಷ ಯಾವತ್ತೂ ಮಾಡದಿದ್ದ ಕೆಲಸ ಮಾಡಿದೆ. ತಡೆಕಡ್ಡಿ ಎಳೆದು ನನ್ನ ಗಡಿಯಾರ ನಿಲ್ಲಿಸಿದೆ. ನಾನು ನೋಡಿ ಬದುಕಿದ್ದು ಅದೊಂದನ್ನೇ.

"ಏನ್ ಮಾಡ್ತಿದೀರಿ ನೀವು?" ಎಂದರು ಸಾಹೇಬರು. ಎರಡು ನಿಮಿಷವಾಗುವಾಗ ಅವರ ತುಟಿ ಅಲುಗುವುದಕ್ಕೂ ಮಾತು ಕೇಳುವುದಕ್ಕೂ ಹೊಂದದಾಯಿತು. ಅವರು ನನ್ನ ತೋಳು ಹಿಡಿದೆಳೆದರು. ಹಿಡಿತ ಹತ್ತಿಯಷ್ಟು ಹಗುರವಾಗಿತ್ತು. ಐದರ ಹೊತ್ತಿಗೆ ಅವರ ಅಂಗಿಯ ಮೂಲಕ ಬಾಗಿಲು ಕಂಡಿತು, ಬಾಗಿಲಾಚೆಯ ಕೆರೆ ಕಂಡಿತು. ಮುಬೀನಾ ಅಳುತ್ತಿದ್ದಳು, ಸದ್ದಿರಲಿಲ್ಲ. ಚಿಕ್ಕಮ್ಮಣ್ಣಿ ಮಾತ್ರ ಅಳದೆ ನನ್ನ ಕೈಯನ್ನೇ ನೋಡುತ್ತಿದ್ದಳು, ಅಡುಗೆ ಕಲಿಯುವವಳು ನೋಡುವ ಹಾಗೆ. ಎಂಟಕ್ಕೆ ಮೂವರೂ ಹೋದರು. ಅಥವಾ ನಾನು ಹೋದೆ.

ಎಂಟರಿಂದ ಹದಿನೆಂಟರವರೆಗೆ, ಆ ಹತ್ತು ನಿಮಿಷ, ನಾನು ಯಾರ ಊರಿನಲ್ಲೂ ಇರಲಿಲ್ಲ. ಅದನ್ನು ಹೇಗೆ ಹೇಳಲಿ? ಗೋಡೆಯಿತ್ತು, ಸ್ಟೂಲಿತ್ತು, ಬೆಳಕಿನ ಬಿಲ್ಲೆ ಇರುವೆಯ ಹಾಗೆ ತೆವಳುತ್ತಿತ್ತು. ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ಇಲ್ಲೇ ಉಳಿದುಬಿಟ್ಟರೆ ಗತಿಯೇನು ಎಂದು ಹೆದರಿ ನನ್ನ ಹೆಸರನ್ನು ನಾನೇ ಜೋರಾಗಿ ಕೂಗಿಕೊಂಡೆ. ಒಂದು ಕಾಗೆ ಬಾಗಿಲಲ್ಲಿ ಕೂತು ನನ್ನನ್ನು ನೋಡಿತು. ಆ ಕಾಗೆಯ ಋಣ ನನ್ನ ಮೇಲಿದೆ.

ಹದಿನೆಂಟಾಗಿರಬೇಕು, ಸ್ಟೂಲಿನ ಮೇಲೆ ಹೊಗೆಯಂಥದ್ದೇನೋ ಕದಲಿತು. ಹೊಗೆಗೆ ನೀಲಿ ಸೀರೆ ಬಂತು. ಸೀರೆಗೆ ಮುಖ ಬಂತು. ಬೆಳಕು ಗೆರೆ ಮುಟ್ಟಿತು, ನಾನು ಮುಳ್ಳನ್ನು ಹನ್ನೆರಡರ ಮೇಲೇ ಬಿಟ್ಟು ತಡೆಕಡ್ಡಿ ಸರಿಸಿದೆ. ಗಡಿಯಾರ ಟಿಕ್ ಅಂದಿತು. ಅದೇ ಉಸಿರಿಗೆ ಸೈರನ್ ಕಿವಿ ಹರಿಯುವ ಹಾಗೆ ಕೂಗಿತು. ಗುಂಡಿಯ ಚಕ್ರದ ತುಕ್ಕು ಇನ್ನೂ ಅಂಟಿದ್ದ ಎರಡು ಕೈಗಳಿಂದ ಜಲಜಿ ನನ್ನ ಕೆನ್ನೆ ಹಿಡಿದಳು.

"ಎಷ್ಟು ಸೊರಗಿದೀಯೇ ಅಕ್ಕಾ," ಅಂದಳು. ತಡವಾಗಿ ಅಲ್ಲ. ತುಟಿ ಅಲುಗಿದ ಕ್ಷಣಕ್ಕೇ ಕೇಳಿಸಿತು. ನಾನು ಗೋಳೋ ಎಂದು ಅತ್ತುಬಿಟ್ಟೆ.

ಅಳು ನಿಂತ ಮೇಲೆ ಬುತ್ತಿಯ ನೆನಪಾಯಿತು. "ಇಬ್ಬರ ಊಟ ಒಬ್ಬಳೇ ತಿಂತಿದ್ಯಲ್ಲೇ ಬಕಾಸುರಿ," ಅಂದೆ. ಅವಳು ವಿಚಿತ್ರವಾಗಿ ನೋಡಿದಳು. "ದಿನಾ ಬರೀತಿದ್ನಲ್ಲಕ್ಕಾ, ನಿಂಗೆ ತಲುಪಲಿಲ್ವಾ?" ಎಂದು ಬಾಗಿಲ ಕಡೆ ಕೈ ತೋರಿಸಿದಳು. ಹೊಸ್ತಿಲಾಚೆ ಜಗಲಿಯ ಮೇಲೆ, ಮೊಣಕಾಲು ತಬ್ಬಿಕೊಂಡು, ಗಡ್ಡ ಬಿಟ್ಟ ಒಬ್ಬರು ಕೂತಿದ್ದರು. ಕೆಂಪಯ್ಯ. ನನ್ನನ್ನು ಕಂಡು ಎದ್ದು ನಿಂತರು. "ಒಂದು ಲೋಟ ನೀರು ಕುಡಿದು ತಿರುಗಿ ನೋಡ್ತೀನಿ ತಾಯಿ, ಒಬ್ಬರೂ ಇಲ್ಲ," ಅಂದರು. "ನಾನೇನು ತಪ್ಪು ಮಾಡಿದ್ದೆ?" ಮುಳ್ಳು ತಳ್ಳಿದ ಕೈ ಇದೇ ಎಂದು ಹೇಳಿ ಕಾಲಿಗೆ ಬಿದ್ದೆ. ಅವರು ಎತ್ತಿ ಕೂರಿಸಿ, "ಊಟ ಕಳಿಸಿದ ಕೈಯೂ ಇದೇ ಅಲ್ವಾ," ಅಂದರು.

ಆ ಸಂಜೆ ಊರೊಳಗೆ ನಡೆದುಹೋದೆ. ಅಂಗಡಿ ತೆರೆದಿದೆ, ವ್ಯಾಪಾರಿ ಇಲ್ಲ. ನಲ್ಲಿಯ ಕೆಳಗೆ ಕೊಡ ತಾನೇ ತುಂಬುತ್ತದೆ, ನೋಡನೋಡುತ್ತಾ ಕಾಣದಾಗುತ್ತದೆ. ವೇಳೆ ಕಚೇರಿಯಲ್ಲಿ ನೂರಾ ಹದಿನಾಲ್ಕು ಕಡೆಗೆ ಹೊತ್ತು ಹಂಚುವ ಆ ಡಬ್ಬ ಒಂದೇ ಗುಂಯ್ ಅನ್ನುತ್ತಿದೆ. ಶ್ರೀಕಂಠಯ್ಯನವರ ಕುರ್ಚಿ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ನನಗೆ ಅವರ ಮೇಲೆ ಸಿಟ್ಟು ಉಳಿದಿರಲಿಲ್ಲ, ಮರುಕವಾಯಿತು. ನೀರುಮನೆಯ ಗಡಿಯಾರವನ್ನು ಅವರು ಏನು ಮಾಡಲು ನೋಡಿದರೋ ತಿಳಿಯದು, ಮುಳ್ಳು ಇವತ್ತಿನವರೆಗೂ ಕದಲಿಲ್ಲ. ಕೀಲಿ ನನ್ನ ಹತ್ತಿರವಿದೆ. ಅವರು ಮಾತ್ರ ಇಪ್ಪತ್ತಾರು ನಿಮಿಷ ಮುಂದೆಯೇ ಉಳಿದಿದ್ದಾರೆ, ಎಲ್ಲರೂ ಒಟ್ಟಿಗೆ.

ನಾನು ದಿನವೂ ಸ್ಲೇಟಿನ ಮೇಲೆ ಎರಡೇ ಪದ ಬರೆದು ಕಿಟಕಿಯಲ್ಲಿಟ್ಟೆ. ಹೆಚ್ಚು ಬರೆದರೆ ಮಂಜಾಗುತ್ತದೆ ಎಂದು ಗೊತ್ತಿತ್ತಲ್ಲ. "ಕೆಂಪಯ್ಯ ಇದಾರೆ." ಹತ್ತು ದಿನ ಏನೂ ಆಗಲಿಲ್ಲ. ಹನ್ನೊಂದನೆಯ ದಿನ ಹೊಸ್ತಿಲ ಮೇಲೆ ಒಂದು ಕ್ಯಾರಿಯರ್ ಇತ್ತು. ಒಳಗೆ ಮೂವರಿಗಾಗುವಷ್ಟು ಮುದ್ದೆ, ಉಪ್ಪುಸಾರು. ಕೆಂಪಯ್ಯ ಒಂದು ತುತ್ತು ಬಾಯಿಗಿಟ್ಟು ಅಗಿಯುವುದನ್ನೇ ನಿಲ್ಲಿಸಿದರು. "ಇದು ನಮ್ಮನೆ ಕೈ," ಅಂದರು. ಅವತ್ತೇ ಗಡ್ಡ ಬೋಳಿಸಿಕೊಂಡರು.

ಮಾರನೆಯ ದಿನ ಬೆಳಕು ಗೆರೆಗೆ ಇನ್ನೂ ಅರ್ಧ ಗೇಣು ದೂರವಿರುವಾಗ ಗೆರೆಯ ಪಕ್ಕ ಏನೋ ಮಸುಕು ಮಸುಕಾಗಿ ಕದಲಿತು. ಜಲಜಿ ನನ್ನ ಕೈ ಹಿಡಿದಳು. ಮೊದಲು ಕಂಡದ್ದು ಒಂದು ಕೊಡೆ. ಆಮೇಲೆ ಮಡಿಲಲ್ಲಿಟ್ಟುಕೊಂಡ ಮನೆಯ ಅಲಾರಂ ಗಡಿಯಾರ, ಅದರ ಮುಳ್ಳುಗಳನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದಿದ್ದ ಕೈ. ಬೆಳಕು ಗೆರೆಯ ಮೇಲೆ ಕೂತಿತು. ಚಿಕ್ಕಮ್ಮಣ್ಣಿ ಹೆಬ್ಬೆರಳು ತೆಗೆದಳು. ತಲೆ ಎತ್ತಿ ಜಗಲಿಯಲ್ಲಿ ನಿಂತಿದ್ದ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀರು ಕುಡಿಯೋಕೆ ಇಷ್ಟು ಹೊತ್ತೇನ್ರೀ?" ಅಂದಳು.